ಹುಲಗಪ್ಪ ಹಿಡಿದ ಕೋಲು

ಹುಲಗಪ್ಪ ಅಳತೆಯ ಕೋಲು ಹಿಡಿದು ನಿಂತನೆಂದರೆ ನೊಣ ಬಂದು ರೆಪ್ಪೆಯ ಮೇಲೆ ಕುಳಿತರೂ ಅಲುಗುತ್ತಿರಲಿಲ್ಲ. ಕಾಲುವೆ ಸರ್ವೆಗೆ ಬಂದ ಸಾಹೇಬರೆಲ್ಲ ಕ್ಯಾಂಪಿನಲ್ಲಿ ಮೊದಲು ಕೇಳುತ್ತಿದ್ದದ್ದು ಜೀಪನ್ನಲ್ಲ, ಹುಲಗಪ್ಪನನ್ನು. ಸರ್ಕಾರಿ ಕಾಗದದಲ್ಲಿ ಅವನು ಬರೀ ಖಲಾಸಿ. ಅಕ್ಷರ ಬರುತ್ತಿರಲಿಲ್ಲ, ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು. ಆದರೆ ಹತ್ತು ವರ್ಷ ಎದೆಗೆ ಒರಗಿಸಿಕೊಂಡು ನಿಂತ ಆ ಕೋಲಿನ ಮೇಲಿನ ಕೆಂಪು, ಕಪ್ಪು ಗೀಟುಗಳೆಲ್ಲ ಅವನಿಗೆ ಕೈಬೆರಳಿನಷ್ಟು ಪರಿಚಯ. ಕೆಲಸಗಳ್ಳತನ ಎಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು.

ಅವನ ಊರು ಮಡ್ಡಿಹಾಳ. ಸುರಪುರದ ಕಡೆಯ ಕುರುಚಲು ಅಡವಿ ದಾಟಿದ ಮೇಲೆ ಸಿಗುವ ಸಣ್ಣ ಊರು. ಆ ಊರಲ್ಲಿ ಈಗಲೂ ಅವನ ಹೆಸರು ತೆಗೆದರೆ 'ಕೋಲು ಹಿಡಿದು ಊರು ಕೆಡಿಸಿದವ' ಎನ್ನುತ್ತಾರೆ. ಊರ ಬಾಯಿ ಮುಚ್ಚಿಸಲು ಯಾರಿಂದ ಆದೀತು? ನಾನು ಅದಕ್ಕಾಗಿ ಬರೆಯುತ್ತಿಲ್ಲ. ಕೋಲು ಹಿಡಿದ ಆ ದಿನ ಅವನ ಜೊತೆ ಇದ್ದವರಲ್ಲಿ ಬದುಕಿರುವವನು ನಾನೊಬ್ಬನೇ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡಬೇಕು ಅನಿಸಿದೆ.

ನಾನು ಮನ್ಸೂರಅಲಿ, ಶಹಾಪುರದವನು. ಎಂಬತ್ತೊಂದರ ಆ ಬೇಸಿಗೆಯಲ್ಲಿ ನನಗೆ ಇಪ್ಪತ್ತೆರಡು ವರ್ಷ. ಸಾಹೇಬರು ದುರ್ಬೀನಿನಲ್ಲಿ ನೋಡಿ ಕೂಗಿದ ಅಂಕಿಯನ್ನು ಲೆವೆಲ್ ಬುಕ್ಕಿನಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಆ ವಿದ್ಯೆ ಬಹಳ ದೊಡ್ಡದೇನಲ್ಲ. ದುರ್ಬೀನು ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ದೂರದಲ್ಲಿ ಒಬ್ಬ ಕೋಲು ಹಿಡಿದು ನಿಲ್ಲುತ್ತಾನೆ. ನೆಲ ತಗ್ಗಿದ್ದರೆ ಕೋಲಿನ ಮೇಲೆ ದೊಡ್ಡ ಅಂಕಿ ಕಾಣುತ್ತದೆ, ನೆಲ ಎತ್ತರವಿದ್ದರೆ ಸಣ್ಣ ಅಂಕಿ. ಆ ಅಂಕಿಗಳ ಮೇಲೆಯೇ ಕಾಲುವೆ ಎಲ್ಲಿ ಹಾಯಬೇಕು, ಯಾವ ಊರಿಗೆ ನೀರು, ಯಾವ ಊರಿಗೆ ಇಲ್ಲ ಎಂಬುದೆಲ್ಲ ನಿಂತಿರುತ್ತಿತ್ತು.

ಅಡವಿಯ ಒಳಗಿನ ಅಳತೆ ಆಗಲೇ ಮುಗಿದಿತ್ತು. ಅಡವಿಯ ಆಚೆ ಅಂಚಿನಲ್ಲಿ ಒಂದು ಗುರುತುಗಲ್ಲು ನೆಟ್ಟಿದ್ದೆವು. ಅಲ್ಲಿಂದ ಮಡ್ಡಿಹಾಳದ ಎರೆಹೊಲಗಳ ಮೇಲೆ ಹಾದು, ಊರಾಚೆಯ ಗುಡ್ಡದ ಬುಡದಲ್ಲಿದ್ದ ಇನ್ನೊಂದು ಕಲ್ಲಿಗೆ ಲೆಕ್ಕ ಕೂಡಿಸಿದರೆ ನಮ್ಮ ಪಾಲಿನ ಕೆಲಸ ತೀರುತ್ತಿತ್ತು. ಮರುದಿನ ಸಾಹೇಬರು ಕಾಗದ ಒಪ್ಪಿಸಬೇಕಿತ್ತು. ಜೀಪು ಬೇರೆಲ್ಲೋ ಹೋಗಿತ್ತು, ಇದ್ದಿದ್ದರೂ ಅಡವಿಯಲ್ಲಿ ಅದಕ್ಕೆ ದಾರಿ ಇರಲಿಲ್ಲ. ಹೀಗಾಗಿ ದೇವಾಪುರದ ಆಚೆಗಿದ್ದ ನಮ್ಮ ಕ್ಯಾಂಪಿನಿಂದ ಮೂರು ಕೋಸು, ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ನಡೆಯುವುದೆಂದು ಗೊತ್ತಾಯಿತು.

ಬೆಳಕು ಹರಿಯುವ ಮೊದಲೇ ಹೊರಟೆವು, ನಾಲ್ಕು ಜನ. ದುರ್ಬೀನಿನ ಕಟ್ಟಿಗೆ ಪೆಟ್ಟಿಗೆಯನ್ನು ಹುಲಗಪ್ಪ ಅಗಲವಾದ ಬಟ್ಟೆಪಟ್ಟಿಯಿಂದ ಬೆನ್ನಿಗೆ ಬಿಗಿದುಕೊಂಡ. ಪೆಟ್ಟಿಗೆ ಮತ್ತು ಬೆನ್ನಿನ ನಡುವೆ ತನ್ನ ಕಂಬಳಿ ಮಡಿಸಿ ಇಟ್ಟ. ಬೆನ್ನಿಗೆ ಒತ್ತದಿರಲಿ ಅಂತಲ್ಲ, ದುರ್ಬೀನಿಗೆ ಪೆಟ್ಟಾಗದಿರಲಿ ಅಂತ. ಹೆಗಲ ಮೇಲೆ ಕೋಲು. ಇನ್ನೊಬ್ಬ ಖಲಾಸಿ ಮರಿಲಿಂಗಪ್ಪನ ಬೆನ್ನ ಮೇಲೆ ದುರ್ಬೀನಿನ ಮೂರು ಕಾಲಿನ ಸ್ಟ್ಯಾಂಡು ಮತ್ತು ಸರಪಳಿ. ನನ್ನ ಪಾಲಿಗೆ ಪುಸ್ತಕದ ಚೀಲ, ರೊಟ್ಟಿಗಂಟು, ಒಂದು ದೊಡ್ಡ ಛತ್ರಿ. ಆ ಛತ್ರಿ ಮನುಷ್ಯರಿಗಲ್ಲ, ದುರ್ಬೀನಿಗೆ. ಬಿಸಿಲಿಗೆ ಅದರ ಲೆಕ್ಕ ಕೆಡುತ್ತದಂತೆ. ಮನುಷ್ಯರ ಲೆಕ್ಕ ಯಾರು ಇಟ್ಟಿದ್ದರು? ಸಾಹೇಬರು ದಪ್ಪ ಬಟ್ಟೆಯ ನೀರಿನ ಚೀಲ ಹೊತ್ತಿದ್ದರು. ಹಾಸನದ ಕಡೆಯವರು, ಒಳ್ಳೆಯ ಮನುಷ್ಯ. ಖಲಾಸಿ ಹೊತ್ತಷ್ಟು ತಾವೂ ಏನಾದರೂ ಹೊರಬೇಕು ಎನ್ನುವವರು.

ಮೇ ತಿಂಗಳಲ್ಲಿ ನಮ್ಮ ಕಡೆಯ ಅಡವಿ ಅಡವಿಯಂತೆಯೇ ಕಾಣುವುದಿಲ್ಲ. ತುಗ್ಗಲಿ, ಮುತ್ತಲ, ಸೀತಾಫಲ ಎಲ್ಲ ಎಲೆ ಉದುರಿಸಿ ಬರೀ ಕಡ್ಡಿಯಾಗಿ ನಿಂತಿರುತ್ತವೆ. ಸರ್ವೆಗೆ ಅದೇ ಅನುಕೂಲ, ಎಲೆ ಇಲ್ಲದಿದ್ದರೆ ದೂರದ ಕೋಲು ಕಾಣುತ್ತದೆ. ನಡೆಯುವವನಿಗೆ ಮಾತ್ರ ನೆರಳೂ ಇಲ್ಲ, ಗಾಳಿಯೂ ಇಲ್ಲ. ಕಾಲ ಕೆಳಗೆ ಒಣ ಎಲೆ ಹಪ್ಪಳದಂತೆ ಮುರಿಯುತ್ತಿತ್ತು. ಎಂಟು ಗಂಟೆಗೆಲ್ಲ ಬಂಡೆಗಳು ಕಾದು ಝಳ ಹೊಡೆಯತೊಡಗಿದವು. ಮುಂದೆ ಹುಲಗಪ್ಪ, ಅವನ ಬೆನ್ನಿನ ಪೆಟ್ಟಿಗೆಯನ್ನೇ ನೋಡುತ್ತ ನಾವು. ದಾರಿ ಎಂಬುದಿರಲಿಲ್ಲ. ಕುರಿ ಹಾದ ಜಾಡು ಇತ್ತು, ಅದೂ ಹತ್ತು ಮಾರಿಗೊಮ್ಮೆ ಕಾರೆ ಮುಳ್ಳಿನಲ್ಲಿ ಮಾಯವಾಗುತ್ತಿತ್ತು.

ಅಂಥ ಒಂದು ಮುಳ್ಳುಕಂಟಿಯಲ್ಲಿ ಬಗ್ಗಿ ನುಸುಳುವಾಗ ಸಾಹೇಬರ ನೀರಿನ ಚೀಲ ಮುಳ್ಳಿಗೆ ಸಿಕ್ಕಿ ಹರಿಯಿತು. ಅವರಿಗೆ ಗೊತ್ತಾಗಲಿಲ್ಲ. ಪ್ಯಾಂಟಿನ ಹಿಂಬದಿ ತಂಪಾದದ್ದನ್ನು ಬೆವರು ಅಂದುಕೊಂಡು ಅರ್ಧ ಮೈಲು ನಡೆದಿದ್ದರು. ಕುಡಿಯಲು ಕುಳಿತಾಗ ಚೀಲದಲ್ಲಿ ಒಂದು ಬೊಗಸೆ ಉಳಿದಿತ್ತು.

ಅಲ್ಲಿಂದ ಒಂದು ತಾಸು ನಡೆದಿರಬೇಕು, ನನಗೆ ಕಾಲು ತೊಡರತೊಡಗಿತು. ಮೈ ಬೆವರುವುದು ನಿಂತುಹೋಗಿತ್ತು. ಕಣ್ಣೆದುರು ಗಿಡಗಳೆಲ್ಲ ಬೆಳ್ಳಗಾದವು. ಬಿದ್ದದ್ದು ನೆನಪಿಲ್ಲ. ಎಚ್ಚರವಾದಾಗ ಒಂದು ಬಂಡೆಯ ಸಂದಿನ ನೆರಳಲ್ಲಿದ್ದೆ. ಹುಲಗಪ್ಪ ಗಂಟಿನಿಂದ ಉಳ್ಳಾಗಡ್ಡಿ ತೆಗೆದು ಕಲ್ಲಿನಿಂದ ಜಜ್ಜಿ ನನ್ನ ಅಂಗಾಲಿಗೆ ತಿಕ್ಕುತ್ತಿದ್ದ. ಆ ಒಂದು ಬೊಗಸೆ ನೀರು ನನ್ನ ನೆತ್ತಿ ಮತ್ತು ಗಂಟಲಿಗೆ ಹೋಗಿತ್ತು. ಉಳಿದ ಮೂವರು ಕುಡಿದಿರಲಿಲ್ಲ.

"ಝಳ ಬಡದದ ಸಾಬ್ರ, ಏನಾಗಲ್ಲ," ಎಂದ. "ಏಳ್ರಿ, ನಿಧಾನಕ್ಕ. ಇನ್ನರ್ಧ ಕೋಸಿಗಿ ನಮ್ಮೂರ ಹಳ್ಳ ಬರತದ. ಅಲ್ಲಿ ವರ್ತಿ ತೋಡಿರತಾರ."

ನನ್ನ ಚೀಲ, ಗಂಟು, ಛತ್ರಿ ಮೂರನ್ನೂ ತೆಗೆದು ತನ್ನ ಪೆಟ್ಟಿಗೆಯ ಮೇಲೆ ಏರಿಸಿ ಬಿಗಿದುಕೊಂಡ. ಬೇಡವೆಂದರೂ ಕೇಳಲಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನನ್ನ ತೋಳು. ಹೊರೆಯ ಪಟ್ಟಿ ಹೆಗಲು ಕತ್ತರಿಸಿ ಅವನ ಅಂಗಿಯ ಮೇಲೆ ರಕ್ತದ ಗೆರೆ ಮೂಡಿದ್ದನ್ನು ನಾನು ಹಿಂದಿನಿಂದ ನೋಡಿದೆ. ಆ ಅರ್ಧ ಕೋಸು ಅವನು ಒಮ್ಮೆಯೂ ಹೊರೆ ಇಳಿಸಲಿಲ್ಲ. ಇಳಿಸಿದರೆ ಮತ್ತೆ ಏರಿಸಲು ಆಗುವುದಿಲ್ಲ ಎಂದು ಆಮೇಲೆ ಹೇಳಿದ.

ಹಳ್ಳ ಒಣಗಿತ್ತು. ವರ್ತಿ ಎಂದರೆ ಮರಳಿನಲ್ಲಿ ಆಳಕ್ಕೆ ತೋಡಿದ ಎರಡು ಗುಂಡಿ, ಅದರ ತಳದಲ್ಲಿ ಊರುವ ನೀರನ್ನು ಚಿಪ್ಪಿನಿಂದ ಬಳಿದು ಕೊಡಕ್ಕೆ ತುಂಬುತ್ತಿದ್ದ ಏಳೆಂಟು ಹೆಂಗಸರು. ನಮ್ಮ ಪೆಟ್ಟಿಗೆ ನೋಡಿದ್ದೇ ಅವರೆಲ್ಲ ಬೆನ್ನು ತಿರುಗಿಸಿ ಸೆರಗು ಬಿಗಿದುಕೊಂಡರು. ದುರ್ಬೀನಿನಲ್ಲಿ ಮನುಷ್ಯರು ತಲೆಕೆಳಗಾಗಿ ಕಾಣುತ್ತಾರೆಂಬುದು ಊರೂರಿಗೆ ಹಬ್ಬಿತ್ತು. ತಲೆಕೆಳಗಾದರೆ ಸೀರೆಯ ಗತಿ ಏನು ಎಂದು ಅವರ ಹೆದರಿಕೆ. ಒಬ್ಬ ಮುದುಕಿ ಮಾತ್ರ ಎದ್ದು ನೇರವಾಗಿ ನಮ್ಮ ಕಡೆ ಬಂದಳು. ಹುಲಗಪ್ಪನ ತಾಯಿ ಅಯ್ಯಮ್ಮ.

"ಮೊದ್ಲ ಈ ಹುಡುಗಗ ಕುಡಸ್ರಿ, ಮಾರಿ ಕರ್ರಗಾಗ್ಯದ," ಎಂದವಳೇ ತನ್ನ ತುಂಬಿದ ಕೊಡ ಬಗ್ಗಿಸಿದಳು. ನಾನು ಕುಡಿದೆ. ಸಾಹೇಬರು ಕುಡಿದರು, ಮರಿಲಿಂಗಪ್ಪ ಕುಡಿದ. ಕೊನೆಗೆ ಮಗನ ಬೊಗಸೆಗೆ ಸುರಿಯುವಾಗ ಕೊಡದಲ್ಲಿ ಮರಳು ಬಂತು.

"ಯವ್ವಾ, ನಿನ್ನ ಕೊಡ ಖಾಲಿ ಆತಲ್ಲ," ಎಂದ ಹುಲಗಪ್ಪ.

"ಆಗ್ಲಿ ಬಿಡೋ. ಮತ್ತ ಊರತದ."

ಊರುತ್ತಿತ್ತು, ನಿಜ. ನಸುಕಿನಲ್ಲಿ ಬಂದು ಕುಳಿತವಳಿಗೆ ಆ ಒಂದು ಕೊಡ ತುಂಬಲು ಅಷ್ಟು ಹೊತ್ತಾಗಿತ್ತು. ಬಿಸಿಲಿನ ಕುಣಿತ ಇಳಿಯುವವರೆಗೆ ದುರ್ಬೀನು ಹೂಡುವಂತಿರಲಿಲ್ಲ, ನಡುಮಧ್ಯಾಹ್ನ ಕೋಲು ನೆಟ್ಟಗೆ ನಿಂತರೂ ಝಳದಲ್ಲಿ ಬಳುಕುತ್ತಿರುವಂತೆ ಕಾಣುತ್ತದೆ. ದಂಡೆಯ ಬೇವಿನ ಕೆಳಗೆ ನಾವು ನಾಲ್ಕು ಗಂಟೆಯವರೆಗೆ ಬಿದ್ದುಕೊಂಡಿದ್ದೆವು. ಅಷ್ಟೂ ಹೊತ್ತು ಅಯ್ಯಮ್ಮ ಗುಂಡಿಯಲ್ಲಿ ಬಗ್ಗಿ ಚಿಪ್ಪಿನಿಂದ ನೀರು ಬಳಿಯುತ್ತಲೇ ಇದ್ದಳು. ನಮಗೆ ಕೊಟ್ಟ ನೀರನ್ನು ಮತ್ತೆ ದುಡಿಯುತ್ತಿದ್ದಳು. ಹುಲಗಪ್ಪ ಇಳಿದು ಕೈಹಾಕಲು ಹೋದರೆ ಗದರಿ ಕಳಿಸಿದಳು, ಗಂಡಸು ಇಳಿದರೆ ವರ್ತಿ ಬಗ್ಗಡವಾಗುತ್ತದಂತೆ. ಅವನು ದಂಡೆಯಲ್ಲಿ ಕೂತು ತಾಯಿಯ ಬೆನ್ನು ನೋಡುತ್ತಿದ್ದ.

ನಾವು ಹೊರಡಲು ಎದ್ದಾಗ ಅಯ್ಯಮ್ಮ ಸಾಹೇಬರ ಹತ್ತಿರ ಬಂದಳು.

"ಸಾಹೇಬ್ರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕಾಲುವಿ ನಮ್ಮೂರಿಗಿ ಬರತದೇನ್ರಿ?"

"ಈಗಲೇ ಹೇಳಕ್ಕಾಗಲ್ಲಮ್ಮ. ನಿಮ್ಮ ಹೊಲ ಕಾಲುವೆ ಗೆರೆಗಿಂತ ಸ್ವಲ್ಪ ಎತ್ತರ ಇರೋ ಹಾಗಿದೆ. ಒಂದು ಗೇಣು ಆಚೆ ಈಚೆ."

"ಒಂದ ಗೇಣಿಗಿ ಏನಾಗತದ್ರಿ?"

"ನೀರಿಗೆ ಗೇಣೂ ಒಂದೇ, ಗುಡ್ಡಾನೂ ಒಂದೇ."

"ಹಂಗಾರ ಬರತದೋ ಇಲ್ಲೋ, ಅದನ್ನ ಯಾರ ಹೇಳಾವ್ರು?"

"ಕೋಲು ಹೇಳುತ್ತಮ್ಮ. ಇವತ್ತು ಸಾಯಂಕಾಲ ಕೋಲು ಏನು ಹೇಳುತ್ತೋ ಅದೇ."

ಮುದುಕಿ ಮಗನ ಕಡೆ ತಿರುಗಿದಳು. "ಕೋಲು ಇವನ ಕೈಯಾಗ ಅದಲ್ರೀ."

ಸಾಹೇಬರು ನಕ್ಕರು. "ಹೌದಲ್ಲ. ನಿಮ್ಮ ಮಗನ ಕೈಯಲ್ಲೇ ಇದೆ ನೋಡಿ," ಎಂದರು.

ಅವರು ಆಡಿದ್ದು ತಮಾಷೆ. ಆದರೆ 'ಹೇಳುವುದು' ಎಂಬ ಮಾತಿಗೆ ನಮ್ಮ ಕಡೆ ಬೇರೆಯೇ ತೂಕವಿದೆ. ಮಡ್ಡಿಹಾಳದಲ್ಲಿ ಪೂಜಾರಿಯ ಮೈಮೇಲೆ ದೇವರು ಬಂದು ನುಡಿಯುವುದಕ್ಕೆ ಹೇಳಿಕೆ ಎನ್ನುತ್ತಾರೆ. ಹೇಳಿಕೆ ಎಂದರೆ ಇದ್ದದ್ದನ್ನು ತಿಳಿಸುವುದಲ್ಲ, ನುಡಿದದ್ದು ಆಗುವುದು. ಮಳೆ ಎಂದು ನುಡಿದರೆ ಮಳೆ. ಕೋಲು ತಗ್ಗು ಎಂದು ಹೇಳಿದರೆ ತಗ್ಗು. ಹತ್ತು ವರ್ಷ ಕೋಲು ಹಿಡಿದ ಹುಲಗಪ್ಪ ಸಾಹೇಬರು ಬರೆದ ಕಾಗದದ ಪ್ರಕಾರ ಗುಡ್ಡ ಕಡಿದದ್ದನ್ನು ನೋಡಿದ್ದ, ಹಳ್ಳದ ಮೇಲೆ ನೀರು ಹಾಯಿಸಿದ್ದನ್ನು ನೋಡಿದ್ದ. ಬರೆದದ್ದೆಲ್ಲ ಆಗಿತ್ತು. ಕಾಗದಕ್ಕೆ ಅಂಕಿ ಕೊಡುವುದು ಕೋಲು. ಕೋಲು ಅವನ ಕೈಯಲ್ಲಿತ್ತು. ಅವನು ಬೇರೆ ಹೇಗೆ ತಿಳಿದುಕೊಳ್ಳಬೇಕಿತ್ತು?

ಅಡವಿಯ ಅಂಚಿನ ಕಲ್ಲಿನಿಂದ ಅಳತೆ ಶುರುಮಾಡಿದೆವು. ಮುಂದೆ ಬಯಲು, ಎರೆಹೊಲ. ಬೇಸಿಗೆಗೆ ಎರೆಭೂಮಿ ಬಾಯಿ ಬಿಟ್ಟಿರುತ್ತದೆ, ಒಂದೊಂದು ಬಿರುಕಿನಲ್ಲಿ ಕೈ ಇಳಿಬಿಟ್ಟರೆ ಮೊಣಕೈವರೆಗೆ ಹೋಗುತ್ತದೆ. ಕೋಲನ್ನು ಬಿರುಕಿಗೆ ಇಡಬಾರದೆಂಬುದು ಖಲಾಸಿಗೆ ಕಲಿಸುವ ಮೊದಲ ಪಾಠ. ಹೊಸಬರಿಗೆ ಆ ಪಾಠ ಕಲಿಸುತ್ತಿದ್ದವನೇ ಹುಲಗಪ್ಪ.

ಮಡ್ಡಿಹಾಳದ ಹೊಲಗಳ ಮೇಲೆ ನಾಲ್ಕು ಕಡೆ ಕೋಲು ಹಿಡಿಯಬೇಕಿತ್ತು. ಮೊದಲನೆಯದಕ್ಕೆ ಅವನು ಎಂದಿನಂತೆ ಗಟ್ಟಿ ನೆಲ ಹುಡುಕಿ ನಿಂತ. ಸಾಹೇಬರು ದುರ್ಬೀನಿನಲ್ಲಿ ನೋಡಿ ಅಂಕಿ ಕೂಗಿ, ನಾಲಿಗೆ ಲೊಚಗುಟ್ಟಿದರು. "ಎತ್ತರ ಬಿತ್ತು ಮನ್ಸೂರ್. ಪಾಪ, ಆ ಅಜ್ಜಿ," ಎಂದರು. ಬಯಲಿನಲ್ಲಿ ಮಾತು ದೂರ ಕೇಳುತ್ತದೆ. ಹುಲಗಪ್ಪ ಕೋಲು ಹೆಗಲಿಗೇರಿಸಿ ಮುಂದಿನ ಜಾಗಕ್ಕೆ ನಡೆದ. ಅಲ್ಲಿ ನಿಂತು ಸ್ವಲ್ಪ ಹೊತ್ತು ಕಾಲಿನಿಂದ ನೆಲ ಸವರಿದ. ಆಮೇಲೆ ಕೋಲು ಇಟ್ಟ.

ದುರ್ಬೀನಿಗೆ ಕಾಣುವುದು ಕೋಲಿನ ನಡುವಿನ ಒಂದು ತುಂಡು ಮಾತ್ರ. ಬುಡ ಕಾಣುವುದಿಲ್ಲ. ಬುಡ ಕಾಣುತ್ತಿದ್ದದ್ದು ದುರ್ಬೀನಿನ ಪಕ್ಕದಲ್ಲಿ ನಿಂತು ಬರಿಗಣ್ಣಿನಿಂದ ನೋಡುತ್ತಿದ್ದ ನನಗೆ. ದಿನವೂ ಅವನ ರುಮಾಲಿನ ಸಮಕ್ಕೆ ಬರುತ್ತಿದ್ದ ಕೆಂಪು ಗೀಟು ಈಗ ಗದ್ದದ ಹತ್ತಿರವಿತ್ತು. ಕೋಲು ಒಂದು ಗೇಣು ನೆಲದ ಒಳಗಿತ್ತು.

ಸಾಹೇಬರು ಅಂಕಿ ಕೂಗಿದರು, ಮೊದಲಿನದಕ್ಕಿಂತ ದೊಡ್ಡದು. ಧ್ವನಿಯಲ್ಲಿ ಆಶ್ಚರ್ಯವಿತ್ತು. ನಾನು ಪೆನ್ಸಿಲು ಹಿಡಿದು ಹುಲಗಪ್ಪನನ್ನೇ ನೋಡಿದೆ. ಅವನೂ ಅಷ್ಟು ದೂರದಿಂದ ನನ್ನನ್ನೇ ನೋಡುತ್ತಿದ್ದ. ಅಂಗಿಯ ಹೆಗಲ ಮೇಲಿನ ಆ ರಕ್ತದ ಗೆರೆ ಒಣಗಿ ಕಪ್ಪಾಗಿತ್ತು. ನಾನು ತಲೆ ತಗ್ಗಿಸಿ ಬರೆದೆ. ಮೂರನೆಯದನ್ನೂ ನಾಲ್ಕನೆಯದನ್ನೂ ಹಾಗೆಯೇ ಬರೆದೆ, ಎಂದಿಗಿಂತ ದುಂಡಾಗಿ.

"ಮೊದಲನೇದು ಎಲ್ಲೋ ದಿಬ್ಬದ ಮೇಲೆ ಬಿದ್ದಿರಬೇಕು, ಬಿಡಿ," ಎಂದರು ಸಾಹೇಬರು, ಸಂತೋಷವಾಗಿ. ನಾಲ್ಕರಲ್ಲಿ ಅದೊಂದೇ ನಿಜವಾದ ಅಂಕಿಯಾಗಿತ್ತು.

ಗುಡ್ಡದ ಬುಡದ ಕಲ್ಲಿಗೆ ಹೋಗಿ ಸೇರಿದಾಗ ಲೆಕ್ಕ ಸರಿಯಾಗಿ ಕೂಡಿತು. ಕೂಡಲೇಬೇಕಿತ್ತು. ದುರ್ಬೀನನ್ನು ಒಂದು ಜಾಗದಿಂದ ಎತ್ತಿ ಇನ್ನೊಂದು ಜಾಗಕ್ಕೆ ಇಡುವಾಗ ಹಿಡಿಯುವ ಕೋಲಿಗೆ ಹುಲಗಪ್ಪ ಕೆಳಗೆ ಕಬ್ಬಿಣದ ತಟ್ಟೆ ಇಟ್ಟು ಪ್ರಾಮಾಣಿಕವಾಗಿಯೇ ನಿಂತಿದ್ದ. ನಡುವಿನ ಅಳತೆಗಳು ತಪ್ಪಿದರೂ ಕೊನೆಯ ಲೆಕ್ಕ ಕೆಡುವುದಿಲ್ಲವೆಂಬುದು ಅಕ್ಷರ ಬಾರದ ಅವನಿಗೆ ಗೊತ್ತಿತ್ತು. ನೀರಿಗೆ ಇದಾವುದೂ ಗೊತ್ತಿರುವುದಿಲ್ಲವೆಂಬುದು ಮಾತ್ರ ಗೊತ್ತಿರಲಿಲ್ಲ.

ನನಗೆ ಗೊತ್ತಿರಬೇಕಿತ್ತು. ನಾನು ಕಾಲೇಜಿನ ಮೆಟ್ಟಿಲು ಹತ್ತಿದವನು. ಒಂದು ಗೇಣು ತಾನೇ, ಅಗೆಯುವಾಗ ಸರಿಮಾಡಿಕೊಳ್ಳುತ್ತಾರೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಅಷ್ಟೂ ಯೋಚಿಸಲಿಲ್ಲ. ಅವನು ನನ್ನ ಹೊರೆ ಹೊತ್ತವನು, ತನ್ನ ಪಾಲಿನ ನೀರು ಕೊಟ್ಟವನು, ಅವನ ತಾಯಿ ಮಧ್ಯಾಹ್ನವಿಡೀ ನಮ್ಮ ಕಣ್ಣೆದುರೇ ವರ್ತಿಯ ನೀರು ಬಳಿದಿದ್ದಳು. ಆ ಹೊತ್ತಿಗೆ ಬಾಯಿಬಿಟ್ಟರೆ ನಾನು ಮನುಷ್ಯನೇ ಅಲ್ಲ ಅನಿಸಿತ್ತು.

ಆ ವರ್ಷವೇ ನಕಾಶೆಯಲ್ಲಿ ಮಡ್ಡಿಹಾಳದ ಮೇಲೆ ಮರಿಕಾಲುವೆಯ ಗೆರೆ ಬಿತ್ತು. ಸುದ್ದಿ ಮುಟ್ಟಿದ ದಿನ ಊರಿನವರು ಹುಲಗಪ್ಪನಿಗೆ ರುಮಾಲು ಸುತ್ತಿದರಂತೆ. ಕಾಲುವೆಗೆ ಹೊಲ ಬಿಡಲು ಅಕ್ಕಪಕ್ಕದ ಊರುಗಳಲ್ಲಿ ಜಗಳಗಳಾದವು, ಮಡ್ಡಿಹಾಳದಲ್ಲಿ ಒಬ್ಬರೂ ತಕರಾರು ಮಾಡಲಿಲ್ಲ. ಅಯ್ಯಮ್ಮನ ಹೊಲವೇ ನಡುವೆ ಸೀಳಿ ಎರಡಾಯಿತು. "ಆಗ್ಲಿ, ಎರಡೂ ಕಡಿ ನೀರ ಬರತದ," ಎಂದು ಎಲ್ಲರಿಗೂ ಹೇಳುತ್ತಿದ್ದಳು. ಅಗೆಯುವವರು ನೆಲದಿಂದ ಇಷ್ಟು ಆಳ ಎಂದು ಕೊಟ್ಟ ಕಾಗದ ಹಿಡಿದು ಅಷ್ಟೇ ಆಳ ಅಗೆದು ಹೋದರು. ಯಾರೂ ಏನನ್ನೂ ಸರಿಮಾಡಿಕೊಳ್ಳಲಿಲ್ಲ.

ಎಂಬತ್ತಾರರ ಕಾರ್ತಿಕದಲ್ಲಿ ನೀರು ಬಿಟ್ಟರು. ನಾನೂ ಹೋಗಿದ್ದೆ. ಊರಿಗೆ ಊರೇ ಹೊಲದ ಸೀಮೆಯಲ್ಲಿ ಬಂದು ಕಾಲುವೆಯ ಎರಡು ದಂಡೆಯ ಮೇಲೆ ನಿಂತಿತ್ತು. ಅಡವಿಯ ಕಡೆಯಿಂದ ನೀರು ಬಂತು, ಕಸ ಕಡ್ಡಿ ನೂಕಿಕೊಂಡು, ಮೆಲ್ಲಗೆ. ಅಯ್ಯಮ್ಮ ಅರಿಶಿನ ಕುಂಕುಮ ಹಾಕಿದಳು, ಯಾರೋ ಕಾಯಿ ಒಡೆದರು. ನೀರು ಸೀಮೆಯ ಕಲ್ಲಿನ ಹತ್ತಿರ ಬಂದು ನಿಂತಿತು. ಜನ ಕಾದರು. ನೀರು ಮುಂದೆ ಬರಲಿಲ್ಲ, ಹಿಂದೆ ತುಂಬಿಕೊಳ್ಳತೊಡಗಿ ಕೊನೆಗೆ ಪಕ್ಕದ ದಂಡೆ ಒಡೆದು ಹಳ್ಳಕ್ಕೆ ಇಳಿಯಿತು. ಆ ಮರಿಕಾಲುವೆಯಲ್ಲಿ ಹರಿಯುವ ನೀರಿನ ಆಳವೇ ಗೇಣು ಚಿಲ್ಲರೆ. ಎದುರಿಗೆ ಗೇಣುದ್ದದ ಏರು.

ಹುಲಗಪ್ಪ ಕಾಲುವೆಗೆ ಇಳಿದ. ಒಬ್ಬರ ಕೈಯಿಂದ ಸಲಿಕೆ ಕಸಿದುಕೊಂಡು ನೀರಿನ ಮುಂದೆ ಗೀರು ತೆಗೆಯತೊಡಗಿದ. ಗೀರಿನಲ್ಲಿ ನೀರು ಹತ್ತು ಹೆಜ್ಜೆ ಬಂದು ನಿಂತಿತು. ಮತ್ತೆ ಅಗೆದ. ಕೆಳಗೆ ಬಂಡೆ ಸಿಕ್ಕಿ ಸಲಿಕೆ ಠಣ್ ಎಂದಿತು. ಬಂಡೆಯನ್ನೂ ಕೆರೆದ. ಹೊತ್ತು ಮುಳುಗುವವರೆಗೆ ಹಾಗೆಯೇ ಮಾಡುತ್ತಿದ್ದವನನ್ನು ಮರಿಲಿಂಗಪ್ಪ ಕೈಹಿಡಿದು ಮೇಲಕ್ಕೆ ತಂದ. ಅವನು ನನ್ನ ಮುಂದೆ ಹಾದುಹೋದ. ನನ್ನ ಮುಖ ನೋಡಲಿಲ್ಲ.

ಆಮೇಲೆ ಇಲಾಖೆಯ ದೊಡ್ಡ ಸಾಹೇಬರು ಬಂದು ಮತ್ತೆ ಅಳತೆ ಮಾಡಿದರು. ಮಾಡಿ, ಆಳ ಮಾಡಿದರೆ ಕಾಲುವೆಗೆ ನೀರು ಬಂದೀತು, ಹೊಲಕ್ಕೆ ಏರದು ಎಂದು ಬರೆದರು. ಹಳೆಯ ಅಳತೆ ತಪ್ಪಿದ್ದಕ್ಕೆ ನಮ್ಮ ಸಾಹೇಬರಿಗೆ ಅವರಿದ್ದ ಊರಿಗೆ ನೋಟೀಸು ಹೋಯಿತು. ಬಡ್ತಿ ನಿಂತಿತೆಂದು ಕೇಳಿದೆ. ನನ್ನನ್ನೂ ಕರೆಸಿ ಕೇಳಿದರು. ಸಾಹೇಬರು ಕೂಗಿದ್ದನ್ನು ಬರೆದೆ ಎಂದೆ. ಅದು ಸುಳ್ಳೂ ಅಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಗೆರೆಗಿಂತ ಮೇಲೆ ಬಿದ್ದ ಊರುಗಳಿಗೆ ಪಂಪು ಹಚ್ಚಿ ನೀರು ಏರಿಸುವ ಪಟ್ಟಿಯೊಂದು ಹಳೆಯ ಅಳತೆಯ ಮೇಲೆ ಆಗಲೇ ತಯಾರಾಗಿ ಮಂಜೂರಾಗಿತ್ತು. ಮಡ್ಡಿಹಾಳದ ಆಚೆಯ ಎರಡು ಊರುಗಳಿಗೆ ಹಾಗೆ ನೀರು ಬಂತು, ಇವತ್ತಿಗೂ ಅಲ್ಲಿ ಭತ್ತ ನಿಂತಿರುತ್ತದೆ. ಮಡ್ಡಿಹಾಳ ಆ ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೆ ಕಾಗದದಲ್ಲಿ ಕಾಲುವೆ ಇತ್ತಲ್ಲ. ಕೋಲು ನೆಟ್ಟಗೆ ನಿಂತಿದ್ದರೆ ಆ ಊರಿಗೂ ನೀರು ಬರುತ್ತಿತ್ತು.

ಒಣ ಕಾಲುವೆ ಊರಿಗೂ ಹಳ್ಳಕ್ಕೂ ನಡುವೆ ಉಳಿಯಿತು. ವರ್ತಿಗೆ ಹೋಗುವ ಹೆಂಗಸರು ಅದರೊಳಗೆ ಇಳಿದು ಹತ್ತಬೇಕು, ಬರುವಾಗ ತುಂಬಿದ ಕೊಡ ಹೊತ್ತು ಮತ್ತೆ ಇಳಿದು ಹತ್ತಬೇಕು. ಅಯ್ಯಮ್ಮ ಎಪ್ಪತ್ತು ದಾಟಿದ ಮೇಲೂ ಹೋಗುತ್ತಿದ್ದಳು. ಯಾರಾದರೂ ಕಾಲುವೆಗೆ ಬೈದರೆ ಅವಳು ಒಪ್ಪುತ್ತಿರಲಿಲ್ಲ. "ಕೋಲು ಹಿಡದಾವ ನನ್ನ ಮಗ. ಅವನ ಅಳತಿ ತಪ್ಪಲ್ಲ. ನೀರ ತಡಾ ಆಗತದ, ಬರತದ," ಎನ್ನುತ್ತಿದ್ದಳು. ಹುಲಗಪ್ಪ ಅದನ್ನು ಕೇಳುತ್ತ ಕೂತಿರುತ್ತಿದ್ದ. ಒಂದು ಬೇಸಿಗೆ ಅಯ್ಯಮ್ಮ ಆ ದಂಡೆಯಲ್ಲೇ ಕಾಲು ಜಾರಿ, ಕೊಡದ ಸಮೇತ ಕಾಲುವೆಯೊಳಗೆ ಬಿದ್ದಳು. ಸೊಂಟ ಮುರಿಯಿತು. ಒಂದು ತಿಂಗಳು ಹಾಸಿಗೆಯಲ್ಲಿದ್ದು ತೀರಿಕೊಂಡಳು.

ತಾಯಿಯ ದಿವಸದ ಊಟ ಮುಗಿದ ಮರುದಿನ ಹುಲಗಪ್ಪ ಬಸ್ಸು ಹತ್ತಿ ಭೀಮರಾಯನಗುಡಿಗೆ, ನನ್ನ ಕ್ವಾರ್ಟರ್ಸಿಗೆ ಬಂದ. ಬಾಗಿಲಲ್ಲೇ ನಿಂತು, "ಸಾಬ್ರ, ಊರಾಗ ಹೇಳತೀನಿ. ನೀವು ಬರ್ರಿ," ಎಂದ. ಇಷ್ಟೇ. ನಾನು ದಾರಿಯುದ್ದಕ್ಕೂ ಮನಸ್ಸು ಗಟ್ಟಿಮಾಡಿಕೊಂಡೆ. ಅವನು ತನ್ನದು ಹೇಳಲಿ, ನಾನು ನನ್ನದು ಹೇಳುತ್ತೇನೆ ಅಂದುಕೊಂಡೆ. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ನಾಲ್ಕು ಸಲ ಮನಸ್ಸಿನಲ್ಲೇ ಆಡಿಕೊಂಡೆ.

ಕಟ್ಟೆಯ ಮುಂದೆ ಊರು ಸೇರಿತ್ತು. ಹುಲಗಪ್ಪ ಕೂರಲಿಲ್ಲ.

"ಅಳತಿ ಕೆಟ್ಟಿದ್ದು ಸಾಹೇಬ್ರಿಂದಲ್ಲ," ಎಂದ. "ನಾ ಕೋಲು ಬಿರುಕಿನಾಗ ಇಟ್ಟೆ. ಊರಿಗಿ ನೀರ ಬರ್ಲಿ ಅಂತ ಇಟ್ಟೆ. ಮೂರ ಕಡಿ ಇಟ್ಟೆ. ನೀರಿಲ್ಲದಂಗ ಮಾಡಿದಾವ ನಾನಾ. ಅವ್ವನ್ನ ಕೊಂದಾವನೂ ನಾನಾ."

ಊರ ಹಿರಿಯ ಚಂದ್ರಾಮಪ್ಪ ನನ್ನ ಕಡೆ ನೋಡಿದ. "ಬರಿಯೋ ಸಾಬ್ರು ಅಲ್ಲೇ ಇದ್ರಲ್ಲೋ. ಅವ್ರಿಗಿ ಕಾಣಲಿಲ್ಲೇನು?"

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ನಾನು ಬಾಯಿ ತೆರೆದೆ.

"ಅವ್ರು ಪುಸ್ತಕದಾಗ ಮಾರಿ ಹಾಕಿ ಬರಿಯಾಕತ್ತಿದ್ರು," ಎಂದ ಹುಲಗಪ್ಪ, ನನ್ನ ಕಡೆ ತಿರುಗದೆಯೇ. "ಅವ್ರಿಗಿ ಕಂಡಿಲ್ಲ."

ನನ್ನ ನೌಕರಿ ಇನ್ನೂ ಹದಿನಾರು ವರ್ಷ ಬಾಕಿ ಇತ್ತು. ಇಬ್ಬರು ಹೆಣ್ಣುಮಕ್ಕಳು ಸಾಲೆಗೆ ಹೋಗುತ್ತಿದ್ದರು. ತೆರೆದ ಬಾಯಿ ಮುಚ್ಚಿಕೊಂಡೆ. ಯಾರೋ ನನಗೆ ಚಹಾ ತಂದು ಕೊಟ್ಟರು, ದೂರದಿಂದ ಬಂದವರು ಎಂದು. ಕುಡಿದೆ. ಹುಲಗಪ್ಪನಿಗೆ ಯಾರೂ ಕೊಡಲಿಲ್ಲ.

ಅವನು ನೌಕರಿ ಬಿಟ್ಟು ಊರಲ್ಲೇ ಉಳಿದ. ಅವನ ಮನೆಯಲ್ಲಿ ಯಾರೂ ನೀರು ಮುಟ್ಟುತ್ತಿರಲಿಲ್ಲ, ಮದುವೆ ಮುಂಜಿಗೆ ಕರೆಯುತ್ತಿರಲಿಲ್ಲ. ಬೆಳಿಗ್ಗೆ ಹೆಂಗಸರು ವರ್ತಿಯಿಂದ ಬರುವ ಹೊತ್ತಿಗೆ ಕಾಲುವೆಯ ದಂಡೆಯಲ್ಲಿ ನಿಂತಿರುತ್ತಿದ್ದ. ಮುದುಕಿಯರ ಕೊಡಗಳನ್ನು ಇಸಿದುಕೊಂಡು, ಇಳಿದು ಹತ್ತಿ, ಆಚೆ ದಂಡೆಯಲ್ಲಿ ಇಟ್ಟು ಬರುತ್ತಿದ್ದ. ಕೆಲವರು ಕೊಡುತ್ತಿದ್ದರು, ಕೆಲವರು ಕೊಡುತ್ತಿರಲಿಲ್ಲ. ಕೊಡದವರು ಬೈದು ಹೋಗುತ್ತಿದ್ದರು. ಹನ್ನೊಂದು ವರ್ಷ ಹೀಗೆ ನಡೆಯಿತು. ನಾನು ಆ ಹನ್ನೊಂದು ವರ್ಷದಲ್ಲಿ ಮಡ್ಡಿಹಾಳಕ್ಕೆ ಎರಡು ಸಲ ಹೋದೆ. ಎರಡು ಸಲವೂ ಅವನು ನನಗೆ ಹಗ್ಗದ ಮಂಚದ ಮೇಲೆ ಕಂಬಳಿ ಹಾಸಿ ಕೂರಿಸಿ, ಮಕ್ಕಳ ಓದು ಕೇಳಿದ. ಬೇರೇನೂ ಕೇಳಲಿಲ್ಲ.

ಅವನು ಸತ್ತದ್ದು ನನಗೆ ತಡವಾಗಿ ತಿಳಿಯಿತು. ಮಣ್ಣಿಗೆ ಹೋಗಲಾಗಲಿಲ್ಲ. ಈಗ ಪೆನ್ಶನ್ ಬರುತ್ತಿದೆ, ಮಕ್ಕಳ ಮದುವೆಯಾಗಿದೆ, ಯಾರೂ ನನ್ನನ್ನು ಏನೂ ಮಾಡಲಾರರು. ಈ ಹೊತ್ತಿನಲ್ಲಿ ನಿಜ ಹೇಳುವುದರಲ್ಲಿ ಏನೂ ಧೈರ್ಯವಿಲ್ಲವೆಂದು ನನಗೆ ಗೊತ್ತು. ಆದರೂ ಮಡ್ಡಿಹಾಳದಲ್ಲಿ ಓದಬಲ್ಲವರು ಯಾರಾದರೂ ಇದನ್ನು ಓದಿ ಕಟ್ಟೆಯ ಮೇಲಿನವರಿಗೆ ಹೇಳಲಿ. ಆ ದಿನ ಚಂದ್ರಾಮಪ್ಪ ಕೇಳಿದ್ದು ನನ್ನನ್ನು, ಉತ್ತರ ಕೊಡಬೇಕಾದವನು ನಾನು.

ನನಗೆ ಕಂಡಿತ್ತು.